ಹೆಸರಿಡದ ದೇವರು

ಬಲ್ಲಾರಟ್‌ನಲ್ಲಿ ಜುಲೈ ಎಂದರೆ ಬೆರಳ ಗೆಣ್ಣಿನೊಳಗೆ ಚಳಿ.
ಲಾಂಡ್ರಿ ಅಂಗಡಿಯ ಹಿಂದಿನ ಕೋಣೆ, ಗುರುವಾರ, ಏಳೂವರೆ.
ಗೋಡೆಯಾಚೆ ಯಾರದೋ ಕಂಬಳಿ
ಡ್ರೈಯರಿನಲ್ಲಿ ದೊಬ್ ದೊಬ್ ಎಂದು ಮಗುಚಿಕೊಳ್ಳುತ್ತದೆ.
ಮೇಜಿನ ಮೇಲೆ ನಕ್ಷೆ, ಚಿಪ್ಸು, ಇಪ್ಪತ್ತು ಮುಖದ ದಾಳ.
ಆಟ ನಡೆಸುವವಳು ಮೊರ್ವೆನ್ನಾ.
ಹಗಲು ಹಲ್ಲಿನ ಡಾಕ್ಟರ ಬಳಿ ಚೀಟಿ ಬರೆಯುತ್ತಾಳೆ,
ಇಲ್ಲಿ ಅವಳೇ ಗಾಳಿ, ಅವಳೇ ಹೊಳೆ, ಸಂತೆಯ ಗದ್ದಲ, ಸಾವು.
ನಾನು ಬಸ್ಸು ಓಡಿಸುವವನು,
ಈ ಕೋಣೆಯಲ್ಲಿ ಮೂರು ವರ್ಷದಿಂದ ಪೂಜಾರಿ.

ಶುರುವಿನಲ್ಲಿ ನಮ್ಮ ದೇವರಿಗೆ ಹೆಸರಿರಲಿಲ್ಲ.
"ಏನಂತ ಬರೀಲಿ?" ಎಂದಳು.
ತೋಚಲಿಲ್ಲ. "ಆಮೇಲೆ ಹೇಳ್ತೀನಿ" ಎಂದೆ.
ಒಂದು ಹೊಳೆ, ಒಂದು ಹರಿಗೋಲು, ಒಂದೇ ಕಟ್ಟಳೆ:
ದಾಟಲು ಬಂದವರನ್ನು ದಾಟಿಸು.
ಮಂತ್ರ ಬೇಕೆಂದಾಗ ಕನ್ನಡದಲ್ಲಿ ಮಗ್ಗಿ ಹೇಳಿದೆ,
ಹದಿನಾರೊಂದ್ಲ ಹದಿನಾರು, ಹದಿನಾರೆರಡ್ಲ ಮೂವತ್ತೆರಡು.
ಅರ್ಥವಾಗದೆ ಎಲ್ಲರೂ ತಲೆ ತಗ್ಗಿಸಿದರು.
ಆಗ ನಗು ತಡೆದುಕೊಂಡಿದ್ದೆ.

ಒಂದು ಗುರುವಾರ ಹುಟ್ಟು ಮುರಿಯಿತು.
ಹೊಸದಕ್ಕೆಂದು ಹುಂಡಿ ಇಟ್ಟೆವು, ಹುಂಡಿಗೊಂದು ಬೀಗ,
ಬೀಗ ಕಾಯುವವನಿಗೆ ಊಟ, ಊಟಕ್ಕೆ ಗದ್ದೆ,
ಗದ್ದೆಯ ಪತ್ರಕ್ಕೆ ರಾಜನ ಮುದ್ರೆ.
ಮುದ್ರೆಗೆ ನನ್ನ ತಲೆ ಬಾಗಿತು ಅಂದುಕೊಂಡಿರಾ?
ಇಲ್ಲ, ಬಾಗಿದ್ದು ರಾಜನದು.

ಆಟದಾಚೆ ನನಗೆ ಯಾರೂ ಬಾಗಿದ್ದಿಲ್ಲ.
ಸೋದರಮಾವ ಮಠದಲ್ಲಿ ಲೆಕ್ಕ ಬರೆಯುತ್ತಿದ್ದ.
ಬಾಗಿಲ ಸಂದಿಯಿಂದ ನಾನು ಕಂಡಿದ್ದೆ,
ಜಮಖಾನದ ಅಂಚಿನಲ್ಲಿ ಮಂಡಿಯೂರಿದ ಮಂತ್ರಿಗಳ
ಹರಿದ ಕಾಲುಚೀಲ.
ಸಮುದ್ರದ ಈಚೆ ಕೂತು, ಪೆನ್ಸಿಲಿನಲ್ಲಿ,
ಅದೇ ಬೆಳ್ಳಿ ಪೀಠ ಬರೆದುಕೊಂಡೆ, ಅಡ್ಡಪಲ್ಲಕ್ಕಿಯನ್ನೂ.
"ಅಡ್ಡಡ್ಡ ಯಾಕೆ ಹೊರ್ತಾರೆ?" ಎಂದ ಗ್ರೇಮ್,
ಮೂವತ್ತು ವರ್ಷ ರೈಲಿಗೆ ಕೈಮರ ಎತ್ತಿ ಇಳಿಸಿದವನು.
"ದಾರಿಯಲ್ಲಿ ಇನ್ನೊಬ್ಬರು ಹಿಡಿಸಬಾರದು, ಅದಕ್ಕೆ."
ಎಲ್ಲರೂ ನಕ್ಕರು. ನಾನೂ.

ನಿನ್ನೆ, ಸುಟ್ಟ ಊರಿಂದ ಜನ ಹೊಳೆಗೆ ಓಡಿಬಂದರು.
ಥುಯ್ ಹೊಸ ಪಾತ್ರ ತಂದಿದ್ದಳು:
ಒಬ್ಬ ಮುದುಕಿ, ಬೆನ್ನ ಮೇಲೆ ಕುರುಡು ಮೇಕೆಮರಿ.
"ಸುಂಕ!" ನನ್ನ ಕಾವಲುಗಾರನ ದನಿಯಲ್ಲಿ ಮೊರ್ವೆನ್ನಾ.
ಮುದುಕಿ ಸೆರಗು ಕೊಡವಿ ತೋರಿಸಿದಳು.
ರಾಜನ ಓಲೆ ಮೊದಲೇ ಬಂದಿತ್ತು:
ಕಡವು ಮುಚ್ಚಿ, ಮುಂದಿನ ಪಟ್ಟ ಮಠ ಹೇಳಿದವನಿಗೆ.
ನನ್ನ ಹಾಳೆಯಲ್ಲಿ ಪ್ರಭಾವ ಹದಿನೆಂಟು,
ಬೊಕ್ಕಸ ಎಣಿಸುವುದನ್ನು ಬಿಟ್ಟಿದ್ದೇವೆ,
ಭಕ್ತಿ ಮೂರು.

ಹಗಲು, ಕಾರ್ಡಿಲ್ಲದ ಸ್ಕೂಲು ಹುಡುಗರನ್ನು
ಕಣ್ಸನ್ನೆಯಲ್ಲೇ ಬಸ್ಸು ಹತ್ತಿಸಿಕೊಳ್ಳುವವನು
ದಾಳ ಹಿಡಿದು ಸುಮ್ಮನೆ ಕೂತೆ.

"ನೀರು ಏರುತ್ತಿದೆ. ಸೇತುವೆಯ ಕಂಬ ಕಿತ್ತಿತು.
ಗುರುಗಳು ಏನು ಮಾಡ್ತಾರೆ?"
ಪ್ರಾರ್ಥನೆ ಎಂದೆ. ಹದಿನಾರೊಂದ್ಲ...
ಮೊರ್ವೆನ್ನಾ ಕೈ ಅಡ್ಡ ಹಿಡಿದಳು.
"ಯಾರಿಗೆ?"

ಡ್ರೈಯರು ಯಾವಾಗ ನಿಂತಿತ್ತೋ ತಿಳಿಯದು.
"ಆಮೇಲೆ ಹೇಳ್ತೀನಿ ಅಂದಿದ್ದೆ ನೀನು."
ಅವಳ ಪುಸ್ತಕದ ಮೊದಲ ಪುಟದಲ್ಲಿ
ಆ ಗೆರೆ ಇನ್ನೂ ಖಾಲಿಯಿತ್ತು,
ಕಾಫಿಯ ಕಲೆಯೊಂದು ಬಿಟ್ಟರೆ.

"ಹಳೆಯ ಹರಿಗೋಲು?" ಕೇಳಿದೆ.
"ಗರ್ಭಗುಡಿಯಲ್ಲಿದೆ. ನೀನೇ ಚಿನ್ನದ ತಗಡು ಹೊದಿಸಿದ್ದು.
ತೇಲೋದಿಲ್ಲ."
"ಕೀಳ್ತೀನಿ."
"ದಾಳ ಹಾಕು."
"ಎಷ್ಟು ಬೀಳಬೇಕು?"
"ಹೇಳೋದಿಲ್ಲ."

ಹಾಕಿದೆ. ಅದು ಅಂಚಿಗೆ ತಾಗಿ ಮೇಜಿನಡಿಗೆ ಉರುಳಿತು.
ಮೊಣಕಾಲು ಹಿಡಿದುಕೊಂಡು ಗ್ರೇಮ್ ಬಗ್ಗಿದ,
ಥುಯ್ ಫೋನಿನ ಬೆಳಕು ಬಿಟ್ಟಳು,
"ಕಾಣ್ತಿಲ್ಲ, ಕಾಣ್ತಿಲ್ಲ" ಎನ್ನುತ್ತ.
ಅಷ್ಟರಲ್ಲಿ ನನ್ನ ಉಗುರು
ಮೇಜಿನ ಸನ್‌ಮೈಕಾದ ಎದ್ದ ತುದಿಯೊಂದನ್ನು
ಎಬ್ಬತೊಡಗಿತ್ತು.